ಕಳ್ಳಿಗೂ ಒಂದು ಮಾಡು ಬೇಕು



ಕಳೆದ ವರ್ಷ ಆಟಿ ತಿಂಗಳಲ್ಲಿ ನಮ್ಮ ಮನೆಯ ಹನ್ನೆರಡು ಕಳ್ಳಿ ಗಿಡಗಳಲ್ಲಿ ಒಂಬತ್ತು ಸತ್ತು ಹೋದವು. ಕೊಂದದ್ದು ನಾನೇ. ಅದನ್ನು ಮೊದಲು ಒಪ್ಪಿಕೊಂಡು ಆಮೇಲೆ ನನ್ನ ಅಭಿಪ್ರಾಯ ಬರೆಯುತ್ತೇನೆ.

ಪುತ್ತೂರು ಜಾತ್ರೆಯಲ್ಲಿ ಅಜ್ಜ ಕೊಟ್ಟ ದುಡ್ಡಿಗೆ ಎರಡು ಚಟ್ಟಿ ಕೊಂಡು ತಂದಿದ್ದೆ. ಉಳಿದವು ಚಿಕ್ಕಮ್ಮನ ಮನೆಯಿಂದ ಮರಿ ಕಿತ್ತು ತಂದವು. ಬೇಸಗೆಯಲ್ಲಿ ಅಂಗಳದ ಕಟ್ಟೆಯ ಮೇಲೆ ಚೆಂದಕ್ಕೆ ಇದ್ದವು. ಮಳೆ ಸುರುವಾಯಿತು. ಗಿಡಕ್ಕೆ ಮಳೆನೀರಿಗಿಂತ ಒಳ್ಳೆಯದು ಎಂತ ಉಂಟು ಎಂದು ಅಲ್ಲಿಯೇ ಬಿಟ್ಟೆ. ಮೇಲಿನಿಂದ ನೋಡಿದರೆ ಹಸಿರಾಗಿಯೇ ಇತ್ತು. ಒಂದು ದಿನ ಮುಟ್ಟಿದರೆ ಗಿಡ ಬುಡದಿಂದಲೇ ಕಳಚಿ ಕೈಗೆ ಬಂತು. ಬುಡವೆಲ್ಲ ಕೊಳೆತ ಬಾಳೆಹಣ್ಣಿನ ಹಾಗೆ ಆಗಿತ್ತು.

“ಮುಳ್ಳಿನ ಗಿಡ ಮನೆಗೆ ಆಗ್ಲಿಕ್ಕಿಲ್ಲ ಮಗಾ, ನಾನು ಮೊದಲೇ ಹೇಳಿದ್ದೆ” ಎಂದರು ಅಜ್ಜಿ. ಅಪ್ಪ ಹೇಳಿದ್ದು ಬೇರೆ: “ಮರುಭೂಮಿಯ ಗಿಡ ನಮ್ಮ ಊರಲ್ಲಿ ಎಂತಕ್ಕೆ? ಇಲ್ಲಿ ಬೆಳೆಯುವ ಗಿಡ ಕಡಿಮೆ ಉಂಟಾ?”

ಈ ಎರಡು ಮಾತಿಗೂ ಉತ್ತರ ಕೊಡಬೇಕೆಂದು ಈ ಲೇಖನ.

ಮೊದಲು ಅಜ್ಜಿಯ ಮಾತು. ನಮ್ಮ ಬಾವಿಕಟ್ಟೆಯ ಹತ್ತಿರ ಅಜ್ಜಿಯೇ ನೆಟ್ಟ ಬ್ರಹ್ಮಕಮಲ ಉಂಟು. ರಾತ್ರಿ ಹೂ ಅರಳಿದರೆ ನೆರೆಕರೆಯವರನ್ನೆಲ್ಲ ಕರೆದು ತೋರಿಸುತ್ತಾರೆ. ಆ ಬ್ರಹ್ಮಕಮಲವೂ ಕಳ್ಳಿಯ ಕುಟುಂಬದ್ದೇ! ನಾವು ಎಲೆ ಎನ್ನುವುದು ಅದರ ಚಪ್ಪಟೆ ಕಾಂಡ. ಹಿಮಾಲಯದ ಬ್ರಹ್ಮಕಮಲ ಬೇರೆಯೇ ಗಿಡ. ನಮ್ಮದು ಅಮೆರಿಕ ಖಂಡದ ಕಾಡಿನಲ್ಲಿ ಮರದ ಮೇಲೆ ಬೆಳೆಯುವ ಜಾತಿಯಾದ್ದರಿಂದ ಮಳೆಗೆ ಹೆದರುವುದಿಲ್ಲ. ಈಗ ಹಲವರು ಕಂಬಕ್ಕೆ ಹಬ್ಬಿಸುತ್ತಿರುವ ಡ್ರ್ಯಾಗನ್ ಹಣ್ಣಿನ ಬಳ್ಳಿಯೂ ಕಳ್ಳಿಯೇ. ಅಂದರೆ ಅಜ್ಜಿ ಇಷ್ಟು ವರ್ಷ ಕಳ್ಳಿ ಸಾಕಿದ್ದಾರೆ. ಮನೆಗೆ ಏನೂ ಆಗಲಿಲ್ಲ.

ಇನ್ನು ಅಪ್ಪನ ಮಾತು. ನಮ್ಮ ಪುತ್ತೂರು, ಸುಳ್ಯ, ಕಡಬದ ಗುಡ್ಡ-ತೋಟಗಳನ್ನು ಒಮ್ಮೆ ನೋಡಿ. ಗೇರು ಬ್ರೆಜಿಲಿನಿಂದ ಬಂದದ್ದು. ರಬ್ಬರೂ ಅಲ್ಲಿಯದೇ. ಕೊಕ್ಕೊ, ಅನಾನಸು, ಪಪ್ಪಾಯಿ, ಸಾರಿಗೆ ಹಾಕುವ ಒಣಮೆಣಸು ಎಲ್ಲ ಅಮೆರಿಕ ಖಂಡದವು. 1986ರಲ್ಲಿ ಪುತ್ತೂರಿನಲ್ಲಿ ಕ್ಯಾಂಪ್ಕೊದ ಚಾಕಲೇಟು ಕಾರ್ಖಾನೆ ಸುರುವಾದದ್ದು ಆ ಪರದೇಶದ ಕೊಕ್ಕೊ ನಂಬಿಯೇ. ಹೊರಗಿನ ಗಿಡ ಬೇಡ ಎಂದರೆ ನಮ್ಮ ಅರ್ಧ ತೋಟ ಖಾಲಿಯಾದೀತು.

ಹಾಗೆಂದು ಎಲ್ಲ ನೆಂಟರೂ ಒಳ್ಳೆಯವರಲ್ಲ. ಹದಿನೆಂಟನೆಯ ಶತಮಾನದ ಕೊನೆಗೆ ಈಸ್ಟ್ ಇಂಡಿಯಾ ಕಂಪೆನಿಯವರು ಕೆಂಪು ಬಣ್ಣ ಕೊಡುವ ಕೊಚಿನೀಲ್ ಹುಳ ಸಾಕಲೆಂದು ಮದರಾಸಿನ ಕಡೆ ಪಾಪಾಸುಕಳ್ಳಿ ಬೆಳೆಸಿದರು. 1795ರಲ್ಲಿ ಬಂದ ಹುಳ ಬೇಕಾದ ಜಾತಿಯದ್ದಾಗಿರಲಿಲ್ಲ; ಬಣ್ಣದ ಲಾಭ ಕೈಗೂಡಲಿಲ್ಲ. ಪಾಪಾಸುಕಳ್ಳಿಯ ಇನ್ನೊಂದು ಜಾತಿಯಂತೂ ದಕ್ಷಿಣ ಭಾರತದ ಒಣನೆಲವನ್ನೆಲ್ಲ ಆಕ್ರಮಿಸಿತು. 1926ರಲ್ಲಿ ಸಿಲೋನಿನಿಂದ ಅದನ್ನು ತಿನ್ನುವ ಹುಳ ತಂದು ಬಿಟ್ಟ ಮೇಲೆ ಹತೋಟಿಗೆ ಬಂತು. ಆದ್ದರಿಂದ ಬೇಡವಾದ ಕಳ್ಳಿಯ ತುಂಡನ್ನು ಗುಡ್ಡೆಗೆ, ತೋಡಿಗೆ ಬಿಸಾಡಬಾರದು. ಚಟ್ಟಿಯಲ್ಲಿ ಸಾಕುವುದು ಬೇರೆ, ಊರಿಗೆ ಬಿಡುವುದು ಬೇರೆ.

ಹಾಗಾದರೆ ಗಿಡ ಸತ್ತದ್ದು ಯಾಕೆ? ಅಮೆರಿಕದ ಸೊನೋರ ಮರುಭೂಮಿಯ ಟೂಸಾನ್ ಪಟ್ಟಣದಲ್ಲಿ ವರ್ಷಕ್ಕೆ ಸುಮಾರು 300 ಮಿಲ್ಲಿಮೀಟರ್ ಮಳೆ. ನಮ್ಮಲ್ಲಿ 3500 ಮಿಲ್ಲಿಮೀಟರಿಗೂ ಮೇಲೆ, ಅದೂ ಹೆಚ್ಚಿನದು ನಾಲ್ಕೇ ತಿಂಗಳಲ್ಲಿ. ಕಳ್ಳಿ ನೀರನ್ನು ಮೈಯಲ್ಲಿ ಕೂಡಿಡುವ ಗಿಡ. ನೀರು ಆರಿ ಹೋಗದಂತೆ ಹಗಲು ತನ್ನ ಸಣ್ಣ ರಂಧ್ರಗಳನ್ನು ಮುಚ್ಚಿ, ರಾತ್ರಿ ತೆರೆದು ಗಾಳಿ ಎಳೆಯುತ್ತದೆ. ಅಂಥದ್ದನ್ನು ದಿನವಿಡೀ ಒದ್ದೆ ಮಣ್ಣಿನಲ್ಲಿಟ್ಟರೆ ಬೇರಿಗೆ ಗಾಳಿ ಸಿಗದೆ ಶಿಲೀಂಧ್ರ ಹಿಡಿಯುತ್ತದೆ. ಅಡಿಕೆಗೆ ಕೊಳೆರೋಗ ಬಂದರೆ ಎಲ್ಲರಿಗೂ ಗೊತ್ತಾಗುತ್ತದೆ, ಕಳ್ಳಿಯದ್ದು ಒಳಗೊಳಗೇ ಆಗುತ್ತದೆ.

ಇದಕ್ಕೆ ಹಸಿರುಮನೆ ಬೇಕು ಎಂದು ಮೊಬೈಲಿನಲ್ಲಿ ಹೇಳುತ್ತಾರೆ. ಅದರ ಖರ್ಚು ಕೇಳಿದರೆ ತಲೆ ತಿರುಗುತ್ತದೆ. ಬೆಂಗಳೂರಿನ ಲಾಲ್‌ಬಾಗಿನಲ್ಲಿ 1889ರಲ್ಲಿ ಅಡಿಗಲ್ಲು ಹಾಕಿದ ದೊಡ್ಡ ಗಾಜಿನಮನೆ ಉಂಟು, ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಮಾದರಿ. ಚಳಿದೇಶದವರು ಗಾಜಿನಮನೆ ಕಟ್ಟುವುದು ಬಿಸಿ ಹಿಡಿದಿಡಲಿಕ್ಕೆ. ನಮಗೆ ಬಿಸಿಗೆ ಬರಗಾಲವಿಲ್ಲ. ನಮ್ಮ ಕಳ್ಳಿಗೆ ಬೇಕಾದದ್ದು ಮಳೆ ತಡೆಯುವ, ಬೆಳಕು ಬಿಡುವ ಒಂದು ಮಾಡು, ನಾಲ್ಕು ಬದಿಗೆ ಗಾಳಿ. ಅಷ್ಟೇ.

ಅದು ನಮ್ಮಲ್ಲಿ ಹಲವು ಮನೆಯಲ್ಲಿ ಈಗಾಗಲೇ ಉಂಟು! ಅಡಿಕೆ ಒಣಗಿಸುವ ಪ್ಲಾಸ್ಟಿಕಿನ ಗೂಡು. ಅಡಿಕೆ ಹರಡುವುದು ಹೆಚ್ಚಾಗಿ ದೀಪಾವಳಿ ಕಳೆದ ಮೇಲೆ, ಬೇಸಗೆಯವರೆಗೆ. ಕಳ್ಳಿಗೆ ಮಾಡು ಬೇಕಾದದ್ದು ಪತ್ತನಾಜೆಯಿಂದ ದೀಪಾವಳಿಯವರೆಗೆ. ಒಬ್ಬರು ಹೊರಗೆ ಹೋಗುವಾಗ ಇನ್ನೊಬ್ಬರು ಒಳಗೆ ಬಂದ ಹಾಗೆ. ಜಗಳವೇ ಇಲ್ಲ.

ಆದರೆ ಬದಿಯ ಪ್ಲಾಸ್ಟಿಕನ್ನು ಸುತ್ತಿ ಮೇಲೆ ಕಟ್ಟಬೇಕು, ಇಲ್ಲದಿದ್ದರೆ ಒಳಗೆ ಬೆವರಿ ಮತ್ತೆ ಕೊಳೆಯುತ್ತದೆ. ಚಟ್ಟಿಯನ್ನು ನೆಲಕ್ಕಿಡದೆ ಹಲಗೆಯ ಮೇಲೆ ಇಡಬೇಕು. ತೋಟದ ಮಣ್ಣು ಮಾತ್ರ ತುಂಬಿಸಬಾರದು. ಜರಡಿಯಲ್ಲಿ ಉಳಿದ ದಪ್ಪ ಮರಳು, ಮುರಕಲ್ಲಿನ ಚೂರು, ಇದ್ದಿಲು, ಸ್ವಲ್ಪ ಹಳೆ ಹಟ್ಟಿಗೊಬ್ಬರ ಸೇರಿಸಬೇಕು. ಮಳೆಗಾಲದಲ್ಲಿ ಮಣ್ಣು ಪೂರ್ತಿ ಒಣಗದೆ ನೀರು ಕೊಡಬಾರದು. ಯುಫೋರ್ಬಿಯ ಜಾತಿಯ ಗಿಡ ಗೀರಿದರೆ ಬರುವ ಹಾಲು ಕಣ್ಣಿಗೆ ತಾಗಬಾರದು, ಇದು ಬಹಳ ಮುಖ್ಯ.

ಅಪ್ಪ ಮೊದಲು ಒಪ್ಪಲಿಲ್ಲ. “ಅಡಿಕೆ ಹಾಕುವ ಜಾಗದಲ್ಲಿ ಮುಳ್ಳಾ?” ಎಂದರು. ಮೂರೇ ಮೂರು ಚಟ್ಟಿ, ಒಂದು ಹಲಗೆ, ದೀಪಾವಳಿಗೆ ಖಾಲಿ ಮಾಡುತ್ತೇನೆ ಎಂದು ಮಾತು ಕೊಟ್ಟೆ. ಈಗ ಸೋಣ ತಿಂಗಳು. ಮೂರಕ್ಕೆ ಮೂರೂ ಬದುಕಿವೆ. ಒಂದರ ಬುಡದಲ್ಲಿ ಎರಡು ಮರಿ ಬಂದಿದೆ. ಮೂರು ಗಿಡದಿಂದ ಎಲ್ಲ ಗೊತ್ತಾಯಿತು ಎಂದು ನಾನು ಹೇಳುವುದಿಲ್ಲ. ಆದರೆ ಮೊನ್ನೆ ಸಂಜೆ ಗಾಳಿಮಳೆ ಬಂದಾಗ ಪಡುವಣ ಬದಿಯ ಪ್ಲಾಸ್ಟಿಕನ್ನು ಇಳಿಸಿ ಕಟ್ಟಿದ್ದು ನಾನಲ್ಲ, ಅಪ್ಪ.

ನನ್ನ ಅಭಿಪ್ರಾಯ ಇಷ್ಟೇ. ಗಿಡ ಸತ್ತರೆ “ನಮ್ಮ ಊರಿಗೆ ಆಗುವುದಿಲ್ಲ” ಎಂದು ಕೈತೊಳೆಯಬಾರದು, ಅದಕ್ಕೆ ಎಂತ ಬೇಕು ಎಂದು ಕೇಳಬೇಕು. ನಮ್ಮ ಶಾಲೆಯ ಜಗಲಿಯಲ್ಲಿ ಮಳೆ ಎರಚದ, ಬೆಳಕು ಬೀಳುವ ಒಂದು ಮೂಲೆ ಉಂಟು. ಅಲ್ಲಿ ಒಂದು ಹಲಗೆ ಇಡಲು ಗುರುಗಳು ಅನುಮತಿ ಕೊಟ್ಟರೆ ಆ ಎರಡು ಮರಿಗಳನ್ನು ನಾನು ಶಾಲೆಗೆ ಕೊಡುತ್ತೇನೆ. ಒಂದೇ ಷರತ್ತು, ಪ್ರೀತಿ ಹೆಚ್ಚಾಗಿ ಯಾರೂ ದಿನಾ ನೀರು ಹಾಕಬಾರದು.

ನಿಮಗೆ ಬೇರೆ ಅಭಿಪ್ರಾಯ ಇದ್ದರೆ ಮುಂದಿನ ಸಂಚಿಕೆಗೆ ಬರೆದು ಕೊಡಿ.

— ಹತ್ತನೆಯ ತರಗತಿ