ಮಲ್ಲರ ಉಡುಪೂ ನಮ್ಮ ಉದಾಸೀನವೂ

ಹರದನಹಳ್ಳಿಯ ಹುಡುಗನು ಇಂದು ಕರಾಟೆ ಕಲಿಯಹೊರಟರೆ ಮೊದಲು ಬೇಕಾಗುವುದು ಬಿಳಿಯ ಅಂಗಿ, ಇಜಾರ, ನಡುಪಟ್ಟಿ. ಈ ಉಡುಪು ಅತಿ ಪುರಾತನವೆಂದು ಹಲವರು ಭಾವಿಸಿರುವರು, ಅದು ಸರಿಯಲ್ಲ. 1882ರಲ್ಲಿ ಟೋಕಿಯೋದಲ್ಲಿ ಕೊಡೋಕಾನ್ ಶಾಲೆಯನ್ನು ಸ್ಥಾಪಿಸಿದ ಜಿಗೋರೋ ಕಾನೋರವರು ಜೂಡೋ ವಿದ್ಯೆಗೆಂದು ರೂಪಿಸಿದ ಉಡುಪನ್ನೇ, 1922ರಲ್ಲಿ ಓಕಿನಾವಾದಿಂದ ಬಂದ ಫುನಾಕೋಶಿಯವರು ಕರಾಟೆಗೆ ಅಳವಡಿಸಿಕೊಂಡರು. 1956ರಲ್ಲಿ ಅದೇ ನಗರದಲ್ಲಿ ಹುಟ್ಟಿದ ಟೋಕಾಯ್‌ಡೋ ಸಂಸ್ಥೆಯು ಅದನ್ನು ತನ್ನ ಮುದ್ರೆಯೊಡನೆ ದೇಶಾಂತರಗಳಲ್ಲಿ ಮಾರಿತು. ಮೊದಲು ವಿದ್ಯೆ, ಅನಂತರ ಉಡುಪು, ಕಡೆಗೆ ವ್ಯಾಪಾರ; ಕ್ರಮವಿದು.

ನಮ್ಮಲ್ಲಿ ವಿದ್ಯೆಗೆ ಕೊರತೆಯೇ? ನೆರೆಯ ಚಾಮರಾಜನಗರದ ಜಟ್ಟಿಗಳು ಮೈಸೂರು, ಬೆಂಗಳೂರು, ಚನ್ನಪಟ್ಟಣಗಳ ಜಟ್ಟಿಗಳೊಡನೆ ವಿಜಯದಶಮಿಯಂದು ಮೈಸೂರರಮನೆಯಲ್ಲಿ ವಜ್ರಮುಷ್ಟಿ ಕಾಳಗಕ್ಕೆ ನಿಲ್ಲುವರಷ್ಟೆ. ತಲೆ ಬೋಳಿಸಿ, ಜುಟ್ಟು ಬಿಟ್ಟು, ಕಾಸೆ ಬಿಗಿದ ಆ ವೇಷಕ್ಕೆ ಯಾವ ಅಂಗಡಿಯ ಮುದ್ರೆಯೂ ಇಲ್ಲ. ಒಬ್ಬನ ನೆತ್ತರು ಕಂಡೊಡನೆ ಕಾಳಗ ಮುಗಿಯುವುದು. ಅದರೊಡನೆ ನಮ್ಮ ಆಸಕ್ತಿಯೂ ಮುಗಿಯುವುದು!

ಈಗ ಕಾಸೆಗೂ ಚಲ್ಲಣಕ್ಕೂ ಮುದ್ರೆಯೊತ್ತಿ ಮಾರೋಣವೆನ್ನುವವರುಂಟು. ಪ್ರತಿದಿನವೂ ಗರಡಿಯ ಮಣ್ಣು ಮೆಟ್ಟುವ ಹುಡುಗರಿಲ್ಲದೆ ಅದನ್ನು ಕೊಳ್ಳುವವರಾರು? ಶಾಲೆಗಳ ವ್ಯಾಯಾಮದ ವೇಳೆಯಲ್ಲಿ ಗರಡಿಯ ಸಾಧನೆಗೂ ಸ್ಥಳ ದೊರೆಯಲಿ. ಜಟ್ಟಿಗಳಲ್ಲಿ ಬಲ್ಲವರನ್ನು ಉಪಾಧ್ಯಾಯರನ್ನಾಗಿ ನೇಮಿಸಲಿ. ಕಲಿಯುವವರು ಹೆಚ್ಚಿದರೆ, ಚಲ್ಲಣ ಹೊಲಿಯುವ ದರ್ಜಿಯು ತಾನಾಗಿಯೇ ಬರುವನು.