ನಮ್ಮೂರಾಗ ಸ್ನೋ ಯಾವಾಗ ಬೀಳ್ತದ?

ಡಿಸೆಂಬರ್ ಕೊನೆಗೆ ರಜೆ ಹಾಕಿ ನಿಂಬರ್ಗಾಕ್ಕೆ ಹೋಗಿದ್ದೆ. ಅಕ್ಕನ ನಾಲ್ಕು ವರ್ಷದ ಮಗ ಬಾಗಿಲಲ್ಲೇ ಹಿಡಿದು ಕೇಳಿದ: "ಮಾಮಾ, ನಮ್ಮೂರಾಗ ಸ್ನೋ ಯಾವಾಗ ಬೀಳ್ತದ?"

ವಿಷಯ ಏನೆಂದರೆ, ಅವನ ನರ್ಸರಿಯಲ್ಲಿ ಅದು 'ವಿಂಟರ್ ವೀಕ್'. ವಾಟ್ಸಾಪಿನಲ್ಲಿ ಪಟ್ಟಿ ಬಂದಿತ್ತು: ಒಂದು ಕಟ್ಟು ಹತ್ತಿ, ಶೇವಿಂಗ್ ಫೋಮ್, ಥರ್ಮೋಕೋಲ್ ಕಾಳು. ಇದೆಲ್ಲ ಟ್ರೇನಲ್ಲಿ ಸುರಿದು ಮಕ್ಕಳ ಕೈ ಆಡಿಸಿದರೆ ಅದು 'ಸೆನ್ಸರಿ ಪ್ಲೇ' ಅಂತೆ. ಶಾಲೆಯ ಹೆಸರು ಬೇಡ ಬಿಡಿ, ಈಗ ಎಲ್ಲ ಕಡೆ ಇದೇ ಕಥೆ.

ನಾನು ಆಟದ ವಿರೋಧಿ ಅಲ್ಲ. ಮುಟ್ಟಿ, ಮೂಸಿ, ನೆಕ್ಕಿ ಕಲಿಯುವುದೇ ಆ ವಯಸ್ಸಿನ ಕಲಿಕೆ. 1907ರಲ್ಲಿ ರೋಮ್‌ನಲ್ಲಿ ಮೊದಲ ಮಕ್ಕಳ ಮನೆ ತೆರೆದ ಮಾರಿಯಾ ಮಾಂಟೆಸ್ಸರಿ ಮಾಡಿ ತೋರಿಸಿದ್ದೂ ಅದನ್ನೇ. ಆಕೆ 1939ರಲ್ಲಿ ಮದ್ರಾಸಿಗೇ ಬಂದು ನಮ್ಮ ಶಿಕ್ಷಕರಿಗೆ ತರಬೇತಿ ಕೊಟ್ಟರು. ಆದರೆ ಇಲ್ಲಿ ಮಗುವಿನ ಬೆರಳಿಗೆ ನಾವು ಹೇಳುತ್ತಿರುವುದು ಸುಳ್ಳು ಸ್ವಾಮಿ! ಹಿಮ ತಣ್ಣಗಿರುತ್ತದೆ, ಒದ್ದೆ ಇರುತ್ತದೆ, ಕೈಯಲ್ಲಿ ಕರಗುತ್ತದೆ. ಹತ್ತಿ ಬೆಚ್ಚಗೆ, ಒಣಗಿ, ಹಾಗೇ ಇರುತ್ತದೆ. ಹುಡುಗ ಹಿಮವನ್ನೂ ಕಲಿಯಲಿಲ್ಲ, ಹತ್ತಿಯನ್ನೂ ಕಲಿಯಲಿಲ್ಲ. ಆಳಂದ, ಅಫಜಲಪುರ, ಜೇವರ್ಗಿ ಕಡೆ ಹೊಲದಲ್ಲಿ ಹತ್ತಿ ಬಿಡಿಸುವ ಕಾಲವೇ ಅದು. ಕಾಯಿ ಒಡೆದು ನಿಂತ ಹತ್ತಿಯನ್ನು ಬಿಟ್ಟು ಅಂಗಡಿಯ ಹತ್ತಿ ತಂದು ಅದಕ್ಕೆ 'ಸ್ನೋ' ಅಂತ ಹೆಸರಿಡುತ್ತೇವೆ. ನಗಬೇಕೋ ಅಳಬೇಕೋ :) ಇನ್ನು ಥರ್ಮೋಕೋಲ್ ಕಾಳು ಮೂಗಿಗೆ, ಗಂಟಲಿಗೆ ಹೋದರೆ, ಫೋಮ್ ಕಣ್ಣಿಗೆ ಹೋದರೆ ಏನು ಗತಿ ಎಂಬುದು ಬೇರೆ ಮಾತು.

ನಮ್ಮಲ್ಲಿ ಚಳಿಗಾಲ ಇಲ್ಲವೇ? ಬೆಳಿಗ್ಗೆ ಆರಕ್ಕೆ ಕಡ್ಲಿ ಹೊಲಕ್ಕೆ ಕರೆದುಕೊಂಡು ಹೋಗಿ. ಇಬ್ಬನಿ ಕೂತ ಗಿಡ ಸವರಿ ಬೆರಳು ನೆಕ್ಕಿದರೆ ಹುಳಿ! ಎಲೆಯ ಮೇಲಿನ ಆಮ್ಲ ಅದು. ಹಿಂದೆ ರಾತ್ರಿ ಬಟ್ಟೆ ಹಾಸಿ, ಬೆಳಿಗ್ಗೆ ಹಿಂಡಿ ಆ ಹುಳಿ ಸಂಗ್ರಹಿಸುತ್ತಿದ್ದರು. ಒಣಗಿದ ತೊಗರಿಕಾಯಿ ಅಲ್ಲಾಡಿಸಿದರೆ ಗಿಲಕಿಯ ಸದ್ದು. 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದ ನಮ್ಮ ಕಲಬುರಗಿ ತೊಗರಿ ಅದು. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ, ಸಜ್ಜೆ ರೊಟ್ಟಿ ಊಟ. ಮುಂದೆ ಕೆಂಡದಲ್ಲಿ ಸುಟ್ಟು ಅಂಗೈಯಲ್ಲಿ ತಿಕ್ಕಿದ ಬಿಸಿ ಸೀತನಿ. ಐದೂ ಇಂದ್ರಿಯಕ್ಕೆ ಇನ್ನೇನು ಬೇಕು?

"ಮಕ್ಕಳಿಗೆ ಹೊರಗಿನ ಪ್ರಪಂಚ ಗೊತ್ತಾಗಬೇಡವೇ?" ಅಂತ ಕೇಳುತ್ತೀರಿ. ಆಗಲಿ. ಫ್ರಿಜ್ಜಿನಿಂದ ಐಸ್ ತನ್ನಿ, ಕೈಯಲ್ಲಿ ಕರಗಲಿ. ಕಾಶ್ಮೀರದ ವಿಡಿಯೋ ತೋರಿಸಿ, "ಇದು ದೂರದೂರಿನ ಚಳಿಗಾಲ" ಅನ್ನಿ. ಆದರೆ ಚಳಿಗಾಲ ಅಂದರೆ ಅದೊಂದೇ ಅನ್ನಬೇಡಿ. ಸಾಫ್ಟ್‌ವೇರ್‌ನಲ್ಲಿ ಬೇರೆಯವರ ಕೋಡ್ ನೋಡದೆ ಕಾಪಿ-ಪೇಸ್ಟ್ ಮಾಡಿದರೆ ಬೈಸಿಕೊಳ್ಳುತ್ತೇವೆ. ಮಕ್ಕಳ ವಿಷಯದಲ್ಲಿ ಅದಕ್ಕೇ ಫೀಸು ಕಟ್ಟುತ್ತೇವೆ.

ನಾನೂ ಚಿಕ್ಕವನಿದ್ದಾಗ ಎರಡು ಗುಡ್ಡ, ನಡುವೆ ಸೂರ್ಯ ಬರೆದವನೇ. ನಮ್ಮ ಎರಿ ಹೊಲದಲ್ಲಿ ಅಂಥ ಗುಡ್ಡ ಎಲ್ಲಿತ್ತು? ಆಗ ಯಾರೂ ಕೇಳಲಿಲ್ಲ. ಈಗ ಈ ಹುಡುಗ ಕೇಳುತ್ತಿದ್ದಾನೆ, ಮತ್ತು ಅವನ ದನಿಯಲ್ಲಿ ನಮ್ಮೂರಿಗೇ ಏನೋ ಕಮ್ಮಿ ಇದೆ ಎಂಬ ಅನುಮಾನ ಇತ್ತು. ನನಗೆ ಚುಚ್ಚಿದ್ದು ಅದು.

ಮರುದಿನ ಕಡ್ಲಿ ಹೊಲಕ್ಕೆ ಕರೆದೊಯ್ದೆ. ಬೆರಳು ನೆಕ್ಕಿ ಮುಖ ಕಿವುಚಿದ. ಮತ್ತೆ ನೆಕ್ಕಿದ.

ನಿಮ್ಮ ಮಕ್ಕಳ ಶಾಲೆಯಲ್ಲೂ ಸ್ನೋ ಬೀಳುತ್ತಿದೆಯೇ? ಒಂದು ಸಲ ಹೋಗಿ ಕೇಳಿ ನೋಡಿ..