ಕೆನಡಾ ದೇಶದ ಬರುವ ವರ್ಷ

ಯುಗಾದಿಯ ದಿನ ಪಂಚಾಂಗ ಶ್ರವಣ ಮಾಡಿಸಿ ಮಳೆ ಬೆಳೆಗಳ ಫಲವನ್ನು ಕೇಳುವ ಪದ್ಧತಿಯು ನಮ್ಮಲ್ಲುಂಟು. ಇದನ್ನು ಕಂಡು ಪಾಶ್ಚಾತ್ಯರು ನಗುವರಾದರೂ, ಡಿಸೆಂಬರು ತಿಂಗಳು ಮುಗಿಯುತ್ತ ಬಂದಿತೆಂದರೆ ಅವರ ಪತ್ರಿಕೆಗಳಲ್ಲಿಯೂ ಸಂವತ್ಸರ ಫಲದ ಶ್ರವಣವು ಆರಂಭವಾಗುವುದು. ಭೇದವಿಷ್ಟೇ: ನಮ್ಮ ಜೋಯಿಸರು ಗ್ರಹಗಳನ್ನು ನೋಡಿ ಹೇಳುವರು, ಅವರ ಜೋಯಿಸರು ಜನಾಭಿಪ್ರಾಯದ ಅಂಕಿಗಳನ್ನು ನೋಡಿ ಹೇಳುವರು. ಆಯ-ವ್ಯಯ, ರಾಜಪೂಜ್ಯ-ಅವಮಾನಗಳ ಪಟ್ಟಿಯನ್ನು ಇಬ್ಬರೂ ಕಟ್ಟುವರು. 2026ನೇ ಇಸವಿಯ ವಿಷಯದಲ್ಲಿ ಕೆನಡಾ ದೇಶದ ರಾಜಕಾರಣವೂ ಅಲ್ಲಿನ ಮಹಾನಗರಗಳೂ ಇಂತಹ ಭವಿಷ್ಯವಾಣಿಗಳಿಗೆ ವಿಶೇಷವಾಗಿ ಗುರಿಯಾಗಿವೆ. ನಮ್ಮ ದೇಶದ ಲಕ್ಷಾಂತರ ಮಂದಿ ಆ ನಾಡಿನಲ್ಲಿ ನೆಲಸಿರುವುದರಿಂದಲೂ, ಕನ್ನಡಿಗರ ಅನೇಕ ಮನೆಗಳ ಮಕ್ಕಳು ಅಲ್ಲಿ ವ್ಯಾಸಂಗ ಮಾಡುತ್ತಿರುವುದರಿಂದಲೂ ಈ ವಿಷಯವನ್ನು ವಿಚಾರಿಸುವುದು ಅಪ್ರಸ್ತುತವಾಗಲಾರದೆಂದು ನಂಬುತ್ತೇವೆ.

ಮೊದಲು ಕಳೆದ ಸಲದ ಫಲ ಏನಾಯಿತೆಂಬುದನ್ನು ನೋಡಬೇಕು. 2025ರ ಜನವರಿಯಲ್ಲಿ ಕನ್ಸರ್ವೇಟಿವ್ ಪಕ್ಷವು ಜನಾಭಿಪ್ರಾಯದ ಎಣಿಕೆಯಲ್ಲಿ ಶೇಕಡಾ ಇಪ್ಪತ್ತಕ್ಕೂ ಮೀರಿ ಮುಂದಿತ್ತು. ಅದರ ನಾಯಕರಾದ ಪಿಯರ್ ಪೊಲಿಯೆವ್ರ್ ಅವರು ಪ್ರಧಾನಿಗಳಾಗುವುದು ನಿಶ್ಚಯವೆಂದು ಬಲ್ಲವರೆಲ್ಲರೂ ಬರೆದರು. ಆ ತಿಂಗಳು 6ನೇ ತಾರೀಖು ಜಸ್ಟಿನ್ ಟ್ರೂಡೋ ಅವರು ರಾಜೀನಾಮೆಯ ಸಂಕಲ್ಪವನ್ನು ತಿಳಿಸಿದರು. ಮಾರ್ಚಿ 14ರಂದು, ಅಲ್ಲಿಯವರೆಗೆ ಯಾವ ಚುನಾವಣೆಗೂ ನಿಂತಿರದ ಮಾರ್ಕ್ ಕಾರ್ನಿ ಅವರು ಅಧಿಕಾರ ವಹಿಸಿದರು. ಅಷ್ಟರೊಳಗೆ ನೆರೆರಾಜ್ಯದ ಅಧ್ಯಕ್ಷರಾದ ಟ್ರಂಪ್ ಅವರು ಕೆನಡಾವನ್ನು ತಮ್ಮ 51ನೇ ಸಂಸ್ಥಾನವೆಂದು ಕರೆಯತೊಡಗಿ, ಅದರ ಸರಕುಗಳ ಮೇಲೆ ಸುಂಕವನ್ನೂ ಹೇರಿದರು. ಜನರ ಸ್ವಾಭಿಮಾನವು ಕೆರಳಿತು. ಏಪ್ರಿಲ್ 28ರ ಚುನಾವಣೆಯಲ್ಲಿ 343 ಸ್ಥಾನಗಳ ಪೈಕಿ ಲಿಬರಲ್ ಪಕ್ಷಕ್ಕೆ 169, ಕನ್ಸರ್ವೇಟಿವರಿಗೆ 144, ಕ್ವಿಬೆಕ್ ಬ್ಲಾಕಿಗೆ 22, ನವ ಪ್ರಜಾಪ್ರಭುತ್ವ ಪಕ್ಷಕ್ಕೆ 7, ಹಸಿರು ಪಕ್ಷಕ್ಕೆ 1 ಬಂದವು. ಪ್ರಧಾನಿಯಾಗುವರೆಂದು ಎಲ್ಲರೂ ನಂಬಿದ್ದ ಪೊಲಿಯೆವ್ರ್ ಅವರು ತಮ್ಮ ಸ್ವಂತ ಕ್ಷೇತ್ರವನ್ನೇ ಕಳೆದುಕೊಂಡು, ಆಗಸ್ಟಿನಲ್ಲಿ ಆಲ್ಬರ್ಟಾದ ಒಂದು ಉಪಚುನಾವಣೆಯ ಮೂಲಕ ಸಭೆಗೆ ಮರಳಬೇಕಾಯಿತು. ಆದಕಾರಣ ಬರುವ ವರ್ಷದ ವಿಷಯದಲ್ಲಿ ಗೆಲ್ಲುವವರ ಹೆಸರನ್ನು ಹೇಳುವ ಸಾಹಸಕ್ಕೆ ನಾವು ಹೋಗುವುದಿಲ್ಲ. ಕಾನೂನಿನಿಂದ ಗೊತ್ತಾಗಿರುವ ತಿಥಿಗಳನ್ನೂ, ಲೆಕ್ಕಪತ್ರಗಳಿಂದ ತಿಳಿಯಬರುವ ಕಾರಣಗಳನ್ನೂ ಹಿಡಿದು ಹೇಳಬಹುದಾದುದನ್ನು ಮಾತ್ರ ಹೇಳುತ್ತೇವೆ.

ತಿಥಿಗಳು ಸ್ಪಷ್ಟವಾಗಿವೆ. ಜುಲೈ 1ಕ್ಕೆ ಅಮೆರಿಕ, ಮೆಕ್ಸಿಕೋ, ಕೆನಡಾ ದೇಶಗಳ ವ್ಯಾಪಾರ ಒಪ್ಪಂದದ ಸಂಯುಕ್ತ ಪುನರ್ವಿಮರ್ಶೆ ನಡೆಯತಕ್ಕದ್ದು. ಜೂನ್, ಜುಲೈ ತಿಂಗಳುಗಳಲ್ಲಿ ಟೊರಾಂಟೋ ಮತ್ತು ವ್ಯಾಂಕೂವರ್ ನಗರಗಳಲ್ಲಿ ವಿಶ್ವ ಕಾಲ್ಚೆಂಡಿನ ಪಂದ್ಯಗಳು. ಅಕ್ಟೋಬರ್ 5ರೊಳಗಾಗಿ ಕ್ವಿಬೆಕ್ ಪ್ರಾಂತದ ಶಾಸನಸಭೆಯ ಚುನಾವಣೆ. ಅದೇ ತಿಂಗಳು 17ರಂದು ಬ್ರಿಟಿಷ್ ಕೊಲಂಬಿಯದಲ್ಲಿ, 26ರಂದು ಆಂಟೇರಿಯೋದಲ್ಲಿ, 28ರಂದು ಮ್ಯಾನಿಟೋಬಾದಲ್ಲಿ ಪೌರಸಭೆಗಳ ಚುನಾವಣೆ. ಒಂದೇ ಮಾಸದಲ್ಲಿ ದೇಶದ ಬಹುಪಾಲು ಪೌರರು ಮತಪೆಟ್ಟಿಗೆಯ ಬಳಿಗೆ ಹೋಗಬೇಕಾಗುವುದು.

ಒಟ್ಟಾವದ ಮಂತ್ರಿಮಂಡಲದ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. ಬಹುಮತಕ್ಕೆ 172 ಸ್ಥಾನಗಳು ಬೇಕು. ಚುನಾವಣೆಯು ಕೊಟ್ಟುದು 169. 2025ರ ನವೆಂಬರ್ 17ರಂದು ಆಯವ್ಯಯದ ಅಂದಾಜಿಗೆ 170 ಮತಗಳು ಪರವಾಗಿಯೂ 168 ವಿರೋಧವಾಗಿಯೂ ಬಿದ್ದವು. ಎರಡು ಮತಗಳ ಅಂತರದಿಂದ ಬದುಕುವ ಸರ್ಕಾರವು ದುರ್ಬಲವೆಂದು ತೋರಬಹುದು. ಆದರೆ ಸರ್ಕಾರವನ್ನು ಕೆಡಹುವವನಿಗೆ ಮುಂದಿನ ಚುನಾವಣೆಯಲ್ಲಿ ಗೆಲ್ಲುವ ಧೈರ್ಯ ಬೇಕು. ಏಳೇ ಸ್ಥಾನಗಳಿಗೆ ಇಳಿದ ಪಕ್ಷಕ್ಕೆ ಆ ಧೈರ್ಯವಿರಲಾರದು. ವಿರೋಧಿಗಳ ಭಯವೇ ಅಲ್ಪಮತದ ಮಂತ್ರಿಗಳಿಗೆ ಶ್ರೀರಕ್ಷೆ.

ಇದಕ್ಕಿಂತ ಗಂಭೀರವಾದುದು ದೇಶದ ಐಕ್ಯದ ಪ್ರಶ್ನೆ. ಕ್ವಿಬೆಕ್ಕಿನಲ್ಲಿ 2022ರಲ್ಲಿ 125ಕ್ಕೆ 90 ಸ್ಥಾನಗಳನ್ನು ಪಡೆದ ಪಕ್ಷವು ಜನಾದರವನ್ನು ಕಳೆದುಕೊಂಡಿತು. ಆಗ ಕೇವಲ 3 ಸ್ಥಾನಗಳಿಗೆ ಕುಸಿದಿದ್ದ ಪಾರ್ಟಿ ಕ್ವಿಬೆಕ್ವಾ ಪಕ್ಷವು 2023ರಿಂದೀಚೆಗೆ ಒಂದರ ಹಿಂದೊಂದು ಉಪಚುನಾವಣೆಗಳನ್ನು ಗೆದ್ದಿತು. ತಾನು ಅಧಿಕಾರಕ್ಕೆ ಬಂದರೆ ಮೊದಲ ಅವಧಿಯಲ್ಲಿಯೇ ಪ್ರತ್ಯೇಕತೆಯ ಜನಮತಗಣನೆ ಮಾಡಿಸುವೆನೆಂದು ಅದು ಘೋಷಿಸಿದೆ. 1980ರಲ್ಲಿ ಶೇಕಡಾ 59.56 ಮಂದಿ ಬೇಡವೆಂದರು. 1995ರಲ್ಲಿ ಬೇಡವೆಂದವರು ಶೇಕಡಾ 50.58 ಮಾತ್ರ. ಪಶ್ಚಿಮದ ಆಲ್ಬರ್ಟಾದಲ್ಲಿಯೂ, ಎಣ್ಣೆಯ ಸಂಪತ್ತನ್ನು ಕೇಂದ್ರವು ಕಟ್ಟಿಹಾಕಿದೆಯೆಂಬ ಅಸಮಾಧಾನದಿಂದ, ಅಗಲಿಕೆಯ ಮಾತು ಕೇಳಿಬಂದಿತು. ಪ್ರಜೆಗಳು ಸಹಿ ಮಾಡಿ ಜನಮತಗಣನೆಯನ್ನು ಬೇಡುವ ನಿಯಮಗಳನ್ನು ಆ ಪ್ರಾಂತವು 2025ರಲ್ಲಿ ಸಡಿಲಿಸಿತು. ಯಾವ ಪ್ರಾಂತವೂ ತನ್ನಿಷ್ಟದಂತೆ ಹೊರಟುಹೋಗಲಾಗದೆಂದೂ, ಆದರೆ ಸ್ಪಷ್ಟವಾದ ಪ್ರಶ್ನೆಗೆ ಸ್ಪಷ್ಟವಾದ ಬಹುಮತ ಬಂದರೆ ಮಾತುಕತೆಗೆ ಕೂಡುವುದು ಉಳಿದವರ ಧರ್ಮವೆಂದೂ ಅಲ್ಲಿನ ಸುಪ್ರೀಂ ಕೋರ್ಟು 1998ರಲ್ಲಿ ತೀರ್ಪಿತ್ತಿದೆ. ಐಕ್ಯವನ್ನು ಸೆರೆಮನೆಯಾಗಿ ಮಾಡದೆ, ಒಡಕನ್ನು ಆಟವಾಗಿಯೂ ಮಾಡದೆ ಕೊಟ್ಟ ಈ ತೀರ್ಪು ಭಾಷಾಪ್ರಾಂತಗಳ ದೇಶವಾದ ನಮಗೆ ಮನನಯೋಗ್ಯವಾದುದು. ನಮ್ಮ ಅಂದಾಜಿನಲ್ಲಿ 2026ರಲ್ಲಿ ಕೆನಡಾ ಒಡೆಯುವುದಿಲ್ಲ. ಆದರೆ ಒಡಕಿನ ಮಾತು ವರ್ಷವಿಡೀ ನಡೆಯುವುದು.

ಇನ್ನು ವ್ಯಾಪಾರ. ಕೆನಡಾದ ರಫ್ತಿನಲ್ಲಿ ಸುಮಾರು ಮುಕ್ಕಾಲು ಪಾಲು ಒಂದೇ ಗಿರಾಕಿಗೆ, ಅಂದರೆ ಅಮೆರಿಕಕ್ಕೆ, ಹೋಗುವುದು. ಒಂದೇ ಅಂಗಡಿಗೆ ಹಾಲು ಹಾಕುವವನು ಅಂಗಡಿಯವನ ಮುಖವನ್ನು ನೋಡುತ್ತಲೇ ಬದುಕಬೇಕು. 2025ರ ಜೂನಿನಲ್ಲಿ ಉಕ್ಕು ಮತ್ತು ಅಲ್ಯುಮಿನಿಯಮಿನ ಮೇಲಿನ ಅಮೆರಿಕದ ಸುಂಕವು ಶೇಕಡಾ 50ಕ್ಕೆ ಏರಿತು. ಸುಂಕದ ಪೆಟ್ಟು ದೇಶದ ಮೇಲೆ ಸಮನಾಗಿ ಬೀಳುವುದಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಅದು ಬೀಳುವುದು ಊರುಗಳ ಮೇಲೆ: ಉಕ್ಕಿನ ಕುಲುಮೆಗಳ ಹ್ಯಾಮಿಲ್ಟನ್ ಮೇಲೆ, ಮೋಟಾರು ಕಾರ್ಖಾನೆಗಳ ವಿಂಡ್ಸರ್ ಮತ್ತು ಆಶವಾಗಳ ಮೇಲೆ. ರಾಜಧಾನಿಯಲ್ಲಿ ಮಾತುಕತೆ ಎಳೆದಾಡಿದರೆ ಈ ಊರುಗಳಲ್ಲಿ ಪಾಳಿಗಳು ನಿಲ್ಲುವುವು. ಜುಲೈ 1ರ ಪುನರ್ವಿಮರ್ಶೆಯು ಒಂದೇ ದಿನದಲ್ಲಿ ತೀರುವ ಕೆಲಸವೆಂದು ಯಾರೂ ತಿಳಿಯಬಾರದು. ಮೂವರೂ ಒಪ್ಪದಿದ್ದರೆ ಒಪ್ಪಂದವು ಅಂದೇ ಸಾಯುವುದಿಲ್ಲ. ಪ್ರತಿ ವರ್ಷವೂ ವಿಮರ್ಶೆಗೆ ಬರುವುದು. ಬಲಿಷ್ಠನಾದ ನೆರೆಯವನಿಗೆ ಈ ಅನಿಶ್ಚಯವೇ ಒಂದು ಆಯುಧ.

ಈಗ ನಗರಗಳ ವಿಚಾರಕ್ಕೆ ಬರುತ್ತೇವೆ. ನಮ್ಮ ಮತದಲ್ಲಿ ಕೆನಡಾದ ನಿಜವಾದ ಪರೀಕ್ಷೆಯಿರುವುದು ಇಲ್ಲಿಯೇ. 2021ರ ಖಾನೇಷುಮಾರಿಯಂತೆ ಟೊರಾಂಟೋ ನಗರದ ಜನಸಂಖ್ಯೆ 27,94,356, ಮಾಂಟ್ರಿಯಲ್ಲಿನದು 17,62,949, ಕ್ಯಾಲ್ಗರಿಯದು 13,06,784. 2023ರಲ್ಲಿ ದೇಶದ ಜನಸಂಖ್ಯೆಯು ಶೇಕಡಾ 3.2ರಂತೆ ಬೆಳೆಯಿತು, 1957ರ ತರುವಾಯ ಅಷ್ಟು ವೇಗದ ಬೆಳವಣಿಗೆಯಾಗಿರಲಿಲ್ಲ. ಬಂದವರಲ್ಲಿ ಬಹುಮಂದಿ ತಾತ್ಕಾಲಿಕ ರಹದಾರಿಯ ವಿದ್ಯಾರ್ಥಿಗಳೂ ಕೂಲಿಗಾರರೂ ಆಗಿದ್ದರು. ಅವರನ್ನು ಕರೆದುದು ಒಟ್ಟಾವ; ಅವರ ಶುಲ್ಕದಿಂದ ಕಾಲೇಜುಗಳನ್ನು ನಡೆಸಿದುದು ಪ್ರಾಂತಗಳು; ಅವರಿಗೆ ನೀರು, ಬೀದಿ, ಸಾರಿಗೆ, ಸೂರುಗಳನ್ನು ಒದಗಿಸಬೇಕಾದುದು ನಗರ. ಮನೆಗಳು ಸಾಲದೆ ಬಾಡಿಗೆಯು ಆಕಾಶಕ್ಕೇರಿತು. ಆಗ ಸರ್ಕಾರವು ಬಾಗಿಲನ್ನು ಅರ್ಧ ಮುಚ್ಚಿತು. 2024ರ ಜನವರಿಯಲ್ಲಿ ವಿದ್ಯಾರ್ಥಿ ರಹದಾರಿಗಳಿಗೆ ಮಿತಿ ಬಿದ್ದಿತು. ಅದೇ ಅಕ್ಟೋಬರಿನಲ್ಲಿ ಕಾಯಂ ನಿವಾಸಿಗಳ ಸಂಖ್ಯೆಯನ್ನು 2025ಕ್ಕೆ 5 ಲಕ್ಷದಿಂದ 3,95,000ಕ್ಕೂ, 2026ಕ್ಕೆ 3,80,000ಕ್ಕೂ ಇಳಿಸಲಾಯಿತು.

ಇದರ ಫಲವೇನು? ಟೊರಾಂಟೋ, ವ್ಯಾಂಕೂವರ್ ನಗರಗಳಲ್ಲಿ 2025ರಲ್ಲಿಯೇ ಬಾಡಿಗೆ ಇಳಿಯತೊಡಗಿತು. ಬರುವ ವರ್ಷವೂ ಇಳಿಮುಖವಾಗಿಯೇ ಇರುವುದೆಂದು ಹೇಳಬಹುದು. ಇದು ಬಡವನಿಗೆ ಸಂತೋಷದ ಸುದ್ದಿಯೇ. ಆದರೆ ಬೆಲೆ ಇಳಿದಾಗ ಕಟ್ಟುವವನು ಕೈ ಕಟ್ಟಿ ಕೂಡುವನು. 2035ರವರೆಗೆ ವರ್ಷಕ್ಕೆ 4,30,000ದಿಂದ 4,80,000 ಮನೆಗಳ ಕೆಲಸ ಆರಂಭವಾಗಬೇಕೆಂದು ಸರ್ಕಾರದ ಗೃಹ ನಿಗಮವೇ ಅಂದಾಜು ಮಾಡಿದೆ. 2024ರಲ್ಲಿ ಆರಂಭವಾದುವು ಸುಮಾರು ಎರಡೂವರೆ ಲಕ್ಷದಷ್ಟು. 2025ರ ಸೆಪ್ಟೆಂಬರಿನಲ್ಲಿ 1,300 ಕೋಟಿ ಡಾಲರುಗಳ ಬಂಡವಾಳದಿಂದ ಸರ್ಕಾರವು ಗೃಹನಿರ್ಮಾಣಕ್ಕೆ ಒಂದು ಸಂಸ್ಥೆಯನ್ನು ತೆರೆಯಿತು. ಖಾಸಗಿಯವರು ಬಿಟ್ಟ ಕೆಲಸವನ್ನು ಈ ಹಣವು ಹಿಡಿಯದೆ ಹೋದರೆ ಇಂದಿನ ಸುಲಭ ಬಾಡಿಗೆಯು ನಾಳಿನ ಬರಗಾಲಕ್ಕೆ ಪೀಠಿಕೆಯಾಗುವುದು.

ಇಷ್ಟು ಭಾರವನ್ನು ಹೊತ್ತ ನಗರಗಳ ಅಧಿಕಾರವೆಷ್ಟು? 1867ರ ಶಾಸನವು ಪೌರಸಂಸ್ಥೆಗಳನ್ನು ಪೂರ್ಣವಾಗಿ ಪ್ರಾಂತಗಳ ಕೈಗೆ ಕೊಟ್ಟಿತು. ಆ ಕಾಲದಲ್ಲಿ ಕೆನಡಾ ಒಕ್ಕಲಿಗರ ಮತ್ತು ಮರ ಕಡಿಯುವವರ ದೇಶ. ಇಂದು ಹತ್ತರಲ್ಲಿ ಎಂಟು ಮಂದಿ ಪಟ್ಟಣವಾಸಿಗಳು. ಶಾಸನ ಮಾತ್ರ ಅದೇ. 2018ರಲ್ಲಿ ಟೊರಾಂಟೋ ಚುನಾವಣೆಯ ಪ್ರಚಾರ ನಡೆಯುತ್ತಿದ್ದಾಗಲೇ ಆಂಟೇರಿಯೋದ ಮುಖ್ಯಮಂತ್ರಿ ಡಗ್ ಫೋರ್ಡ್ ಅವರು ಪಾಲಿಕೆಯ 47 ಸ್ಥಾನಗಳನ್ನು 25ಕ್ಕೆ ಇಳಿಸಿದರು. ನಗರವು ನ್ಯಾಯಾಲಯಕ್ಕೆ ಹೋಯಿತು. 2021ರಲ್ಲಿ ಸುಪ್ರೀಂ ಕೋರ್ಟು ಐವರಿಗೆ ನಾಲ್ವರಂತೆ ಪ್ರಾಂತದ ಪಕ್ಷವನ್ನೇ ಎತ್ತಿಹಿಡಿಯಿತು. 2024ರಲ್ಲಿ, ನಗರವು ತನ್ನ ಬೀದಿಗಳಲ್ಲಿ ಬೈಸಿಕಲ್ಲುಗಳಿಗೆಂದು ಬಿಟ್ಟ ದಾರಿಗಳನ್ನು ಕಿತ್ತುಹಾಕಲೂ ಪ್ರಾಂತವೇ ಕಾನೂನು ಮಾಡಿತು. ತನ್ನ ಬೀದಿಯ ಅಂಚನ್ನು ತಾನೇ ಗೊತ್ತುಪಡಿಸಲಾಗದ ಪಾಲಿಕೆಯು ಇಪ್ಪತ್ತೆಂಟು ಲಕ್ಷ ಜನರಿಗೆ ಉತ್ತರ ಹೇಳಬೇಕಾಗಿದೆ!

ಹಣದ ವಿಷಯವೂ ಹೀಗೆಯೇ. ನಗರದ ಮುಖ್ಯ ಆದಾಯವು ಮನೆಗಂದಾಯ. ವರಮಾನ ತೆರಿಗೆ, ಮಾರಾಟ ತೆರಿಗೆಗಳು ಕೇಂದ್ರ ಮತ್ತು ಪ್ರಾಂತಗಳ ಬೊಕ್ಕಸಕ್ಕೆ ಸೇರುವುವು. 2023ರಲ್ಲಿ ಟೊರಾಂಟೋ ಮೇಯರಾದ ಒಲಿವಿಯಾ ಚೌ ಅವರು ಗಂದಾಯವನ್ನು 2024ರಲ್ಲಿ ಶೇಕಡಾ 9.5ರಷ್ಟೂ, 2025ರಲ್ಲಿ ಶೇಕಡಾ 6.9ರಷ್ಟೂ ಏರಿಸಬೇಕಾಯಿತು. 2026 ಚುನಾವಣೆಯ ವರ್ಷವಾದ್ದರಿಂದ ಏರಿಕೆಯು ಮೆತ್ತಗಾಗುವುದೆಂದು ಹೇಳಲು ಜೋಯಿಸರು ಬೇಡ. ಇದರ ಜೊತೆಗೆ ಕಾಲ್ಚೆಂಡಿನ ಉತ್ಸವ. ಟೊರಾಂಟೋದಲ್ಲಿ ಆರು, ವ್ಯಾಂಕೂವರಿನಲ್ಲಿ ಏಳು ಪಂದ್ಯಗಳು. ಟೊರಾಂಟೋ ಒಂದರ ಅಂದಾಜು ವೆಚ್ಚವೇ 38 ಕೋಟಿ ಡಾಲರು. ಅದೇ ನಗರದ ಎಗ್ಲಿಂಟನ್ ಬೀದಿಯ ರೈಲು ಮಾರ್ಗವು 2011ರಲ್ಲಿ ಆರಂಭವಾಗಿ, 2020ಕ್ಕೆ ತೆರೆಯುವುದೆಂದು ಮಾತು ಕೊಟ್ಟಿದ್ದು, 2025ರಲ್ಲಿಯೂ ಜನರನ್ನು ಕಾಯಿಸಿತು. ಅಕ್ಟೋಬರಿನಲ್ಲಿ ಮತ ಕೊಡುವ ಪೌರನು ಆಟದ ಜಯಘೋಷಕ್ಕಿಂತ ರೈಲಿಗಾಗಿ ಕಾದ ದಿನಗಳನ್ನೇ ಹೆಚ್ಚಾಗಿ ನೆನೆಯುವನು. 2025ರಲ್ಲಿ ಕ್ಯಾಲ್ಗರಿಯ ಮತದಾರರು ಅಧಿಕಾರದಲ್ಲಿದ್ದ ಮೇಯರನ್ನೇ ಮನೆಗೆ ಕಳುಹಿಸಿದರು. ಕುರ್ಚಿಯಲ್ಲಿರುವವರು ಎಚ್ಚರದಿಂದಿರಬೇಕಾದ ಕಾಲವಿದು.

ನಮ್ಮವರ ವಿಷಯವಾಗಿ ಎರಡು ಮಾತು. 1907ರಲ್ಲಿ ಬ್ರಿಟಿಷ್ ಕೊಲಂಬಿಯ ಪ್ರಾಂತವು ಭಾರತೀಯರ ಮತಾಧಿಕಾರವನ್ನು ಕಿತ್ತುಕೊಂಡಿತು. 1914ರಲ್ಲಿ ಕೊಮಗಾಟ ಮಾರು ಹಡಗಿನ 376 ಮಂದಿ ಪ್ರಯಾಣಿಕರಲ್ಲಿ ಕೆಲವರ ಹೊರತು ಉಳಿದವರನ್ನೆಲ್ಲ ವ್ಯಾಂಕೂವರಿನ ಬಂದರಿನಿಂದಲೇ ಹಿಂದಕ್ಕಟ್ಟಿತು ಆ ದೇಶ. ಮತಾಧಿಕಾರವು ಮರಳಿ ಬಂದುದು 1947ರಲ್ಲಿ. ಇಂದು ಬ್ರಾಂಪ್ಟನ್, ಸರ್ರೆ ಮೊದಲಾದ ನಗರಗಳಲ್ಲಿ ನಮ್ಮವರ ಮತವಿಲ್ಲದೆ ಯಾರೂ ಗೆಲ್ಲಲಾರರು. ಶಿರಾ ತಾಲ್ಲೂಕಿನಿಂದ ಹೋದ ಚಂದ್ರ ಆರ್ಯ ಅವರು 2022ರಲ್ಲಿ ಕೆನಡಾದ ಪಾರ್ಲಿಮೆಂಟಿನಲ್ಲಿ ಕನ್ನಡದಲ್ಲಿ ಮಾತನಾಡಿದುದನ್ನು ನಾಡೆಲ್ಲವೂ ಕೇಳಿ ಹರ್ಷಿಸಿತು. 2025ರಲ್ಲಿ ಅವರ ಪಕ್ಷವೇ ಅವರ ಉಮೇದುವಾರಿಕೆಯನ್ನು ರದ್ದುಗೊಳಿಸಿತು. ಅವರು ಪ್ರತಿನಿಧಿಸುತ್ತಿದ್ದ ನೆಪಿಯನ್ ಕ್ಷೇತ್ರದಿಂದಲೇ ಪ್ರಧಾನಿ ಕಾರ್ನಿಯವರು ಆರಿಸಿಬಂದರು. ಮತ ಪಡೆಯುವುದು ಒಂದು, ಪಾಲು ಪಡೆಯುವುದು ಮತ್ತೊಂದು ಎಂಬುದಕ್ಕೆ ಇದು ನಿದರ್ಶನ. 2023ರ ಸೆಪ್ಟೆಂಬರಿನಿಂದ ಕೆಟ್ಟಿದ್ದ ಉಭಯ ದೇಶಗಳ ಸಂಬಂಧವು 2025ರ ಜೂನಿನ ಭೇಟಿಯಿಂದ ಚೇತರಿಸಿಕೊಂಡು, ಆಗಸ್ಟಿನಲ್ಲಿ ಹೈಕಮಿಷನರುಗಳು ಪುನಃ ನೇಮಕವಾದರು. ಈ ಸೌಹಾರ್ದವು ವ್ಯಾಪಾರದಲ್ಲಿ ಬೆಳೆಯಬಹುದು. ವಿದ್ಯಾರ್ಥಿಗಳಿಗೆ ಬಾಗಿಲನ್ನು ಅಗಲಿಸುವುದೆಂದು ಮಾತ್ರ ನಂಬಬಾರದು. 2026ಕ್ಕೆ ಬರಗೊಡುವ ವಿದ್ಯಾರ್ಥಿಗಳ ಸಂಖ್ಯೆಯನ್ನು 1,55,000ಕ್ಕೆ ಇಳಿಸಿರುವುದನ್ನು, ಜಮೀನು ಒತ್ತೆಯಿಟ್ಟು ಮಕ್ಕಳನ್ನು ಕಳುಹಿಸಲು ಯೋಚಿಸುವ ತಂದೆತಾಯಿಗಳು ಎರಡು ಸಲ ಓದಿಕೊಳ್ಳಬೇಕು. ದಲ್ಲಾಳಿಯ ಮಾತಿಗಿಂತ ಸರ್ಕಾರದ ಪ್ರಕಟಣೆಯೇ ನಂಬಿಕೆಗೆ ಅರ್ಹವಾದುದು.

ಕೊನೆಗೆ ಕೆನಡಾದ ಪೌರರಲ್ಲಿ ಅಸೂಯೆಪಡತಕ್ಕ ಒಂದು ವಿಷಯವುಂಟು. ಅವರ ಪಾಲಿಕೆಗಳಿಗೆ ಅಧಿಕಾರ ಕಡಮೆ, ಹಣ ಕಡಮೆ, ಪ್ರಾಂತದ ಕಾಟ ಹೆಚ್ಚು, ನಿಜ. ಆದರೂ ಚುನಾವಣೆಯ ದಿನವು ಕಾನೂನಿನಲ್ಲಿ ಬರೆದಿದೆ. ನಾಲ್ಕನೆಯ ಸೋಮವಾರವೆಂದರೆ ನಾಲ್ಕನೆಯ ಸೋಮವಾರವೇ. 2015ರಲ್ಲಿ ಆರಿಸಲ್ಪಟ್ಟ ಬೆಂಗಳೂರಿನ ಪಾಲಿಕೆಯ ಅವಧಿಯು 2020ರ ಸೆಪ್ಟೆಂಬರಿನಲ್ಲಿ ತೀರಿದ ಮೇಲೆ ಐದು ವರ್ಷಗಳಿಗೂ ಮೀರಿ ಆ ನಗರವು ಚುನಾಯಿತ ಸಭೆಯಿಲ್ಲದೆ ಅಧಿಕಾರಿಗಳಿಂದ ಆಳಲ್ಪಟ್ಟಿತು. ಸ್ಥಳೀಯ ಸ್ವರಾಜ್ಯವು ಪ್ರಜೆಗಳಿಗೆ ರಾಜ್ಯಭಾರವನ್ನು ಕಲಿಸುವ ಶಾಲೆಯೆಂದು ರಿಪ್ಪನ್ ಪ್ರಭುವಿನ ಸರ್ಕಾರವು 1882ರಲ್ಲಿಯೇ ಒಪ್ಪಿತ್ತು. ಪರರ ಸರ್ಕಾರವು ಒಪ್ಪಿದುದನ್ನು ನಮ್ಮ ಸರ್ಕಾರಗಳು ಮರೆಯಬಹುದೇ? ಕೆನಡಾದ ನಗರಗಳಲ್ಲಿ ಬರುವ ಅಕ್ಟೋಬರಿನಲ್ಲಿ ಯಾರು ಗೆಲ್ಲುವರೋ ನಾವರಿಯೆವು. ಆ ದಿನ ಚುನಾವಣೆ ನಡೆಯುವುದೆಂಬುದನ್ನು ಬಲ್ಲೆವು. ನಮ್ಮ ನಗರಗಳ ವಿಷಯದಲ್ಲಿಯೂ ಇಷ್ಟೊಂದು ಭವಿಷ್ಯವನ್ನು ನಿಸ್ಸಂಶಯವಾಗಿ ನುಡಿಯುವಂತಾಗಬೇಕು. ಅದಕ್ಕೆ ಬೇಕಾದುದು ಕಾನೂನಿನಲ್ಲಿ ಒಂದು ತಾರೀಖು, ಮತ್ತು ಅದನ್ನು ಮೀರಗೊಡದ ಪ್ರಜೆ.